ಗಾಳಿ ತೆಗೆಯುವ ಕೆಲಸ

ಭೋಸರಿಯ ಎಂಐಡಿಸಿಯಲ್ಲಿ, ರಬ್ಬರ್ ಫ್ಯಾಕ್ಟರಿಯ ಹಿಂದೆ,
ಲಾಂಡಗೆ ಸೇಠನ ತಗಡಿನ ಶೆಡ್ಡು.
ಸುಟ್ಟ ಮೋಟರುಗಳು ಟೆಂಪೋದಲ್ಲಿ ಬರುತ್ತವೆ:
ಸಕ್ಕರೆ ಕಾರ್ಖಾನೆಯವು, ನೀರಿನ ಪಂಪಿನವು,
ಒಮ್ಮೆ ಒಂದು ಲಿಫ್ಟಿನದು,
ಒಳಗೆ ಕರಕಲಾದ ಇಲಿಯ ಸಮೇತ.

ನಾನು ತಾಮ್ರ ಸುತ್ತುವವಳು.
ಸುತ್ತಿದ್ದನ್ನು ಚನ್ನವೀರ ಮಾವ ಟ್ಯಾಂಕಿಗೆ ಇಳಿಸುತ್ತಾರೆ,
ಮುಚ್ಚಳ ಹಾಕಿ ಬೋಲ್ಟು ಬಿಗಿಯುತ್ತಾರೆ,
ಇತ್ತ ಒಂದು, ಅದರ ಎದುರಿನದು ಒಂದು.
ಆಮೇಲೆ ಪಂಪು.
ಮುಳ್ಳು ಎಡಕ್ಕೆ ಹೊರಡುತ್ತದೆ.

ಆಳಂದದಲ್ಲಿ ನಮ್ಮಜ್ಜ ಶೂನ್ಯದ ಮಾತಾಡುತ್ತಿದ್ದ,
ಬಯಲು, ನಿರ್ಬಯಲು ಅಂತ, ಕಣ್ಣು ಮುಚ್ಚಿ,
ಎಲೆಯಡಿಕೆ ಒಂದು ದವಡೆಗೆ ಸರಿಸಿಕೊಂಡು.
ಇಲ್ಲಿ ಅದಕ್ಕೊಂದು ಗೇಜಿದೆ,
ಗಾಜು ಒಡೆದಿದೆ, ಟೇಪು ಅಂಟಿಸಿದ್ದೇವೆ.
ಪೂರ್ತಿ ಶೂನ್ಯಕ್ಕೆ ಮುಳ್ಳು ಎಂದೂ ಹೋಗುವುದಿಲ್ಲ,
ಕೂದಲೆಳೆಯಷ್ಟು ಉಳಿಸಿಕೊಂಡು ನಿಲ್ಲುತ್ತದೆ.
ಅಜ್ಜನಿಗೆ ಹೇಳಬೇಕಿತ್ತು.

"ಗಾಳಿ ಕುಂತಲ್ಲಿ ವಾರ್ನಿಶ್ ಹೋಗಂಗಿಲ್ಲ, ನೀಲಗಂಗಾ.
ಮೊದಲು ಅದನ್ನ ಎಬ್ಬಸಬೇಕು."
ಕಿಂಡಿಯಿಂದ ನೋಡಿದರೆ
ಕೆಳಗಿನಿಂದ ಏರುವ ಕಂದು ವಾರ್ನಿಶ್,
ತಂತಿ ತಂತಿಯ ಸಂದಿಯಿಂದ ಗುಳ್ಳೆ, ನೊರೆ, ಮತ್ತೆ ಗುಳ್ಳೆ.
ನಾನು ಎಷ್ಟೇ ಬಿಗಿದು ಸುತ್ತಿದರೂ
ಅಷ್ಟೊಂದು ಗಾಳಿ ಎಲ್ಲಿ ಅಡಗಿತ್ತೋ.
ನೊರೆ ಇಳಿದ ಮೇಲೆ ವಾಲ್ವು ತೆರೆದರೆ
ಹೊರಗಿನ ಗಾಳಿ ನುಗ್ಗಿ
ವಾರ್ನಿಶನ್ನು ತಾನೇ ಒಳಕ್ಕೆ ತಳ್ಳುತ್ತದೆ.
ಹೊರಹಾಕಿದ್ದನ್ನೇ ಕರೆದು ಕೆಲಸಕ್ಕೆ ಹಚ್ಚಿದ ಹಾಗೆ.

ಹೊಸ ಪಂಪು ಬಂದಾಗ ಹಳೆಯದನ್ನು
ಸೇಠ ಗುಜರಿಗೆ ತೂಗಲು ಹೊರಟಿದ್ದ.
ಮೂರು ತಿಂಗಳ ಓವರ್‌ಟೈಮ್ ಬಾಕಿ ಇತ್ತು,
ಮಾವ ಬಾಕಿಯ ಬದಲು ಪಂಪು ಹೊತ್ತು ತಂದರು,
ದಿಘಿ ರಸ್ತೆಯ ಒಂದು ಕೋಣೆಯ ಮನೆಗೆ.
ಗುರುಬಾಯಿ ಅತ್ತೆ ಮೂರು ದಿನ ಮಾತಾಡಲಿಲ್ಲ.
ನಾಲ್ಕನೆಯ ದಿನ ಕೇಳಿದಳು:
"ಇದು ರೊಟ್ಟಿ ಕಾಯ್ತದೇನು?"

ಕಾಯಲಿಲ್ಲ.
ಕಡಕ್ ರೊಟ್ಟಿ ಹತ್ತು ಪಾಕೀಟಿಗೆ ಹಾಕಿ
ನಳಿಕೆ ಇಟ್ಟು ಪಂಪು ಹಚ್ಚಿದೆವು.
ಪ್ಲಾಸ್ಟಿಕ್ಕು ಮೈಗೆ ಅಂಟುತ್ತ ಅಂಟುತ್ತ,
ಚಟ್.
ಚಟ್ ಚಟ್.
ಒಳಗಿನ ಗಾಳಿ ಹೋದರೆ ಹೊರಗಿನದರ ತೂಕ
ಉಗುರಿನಷ್ಟು ಜಾಗಕ್ಕೆ ಒಂದು ಕಿಲೋ, ಅಂದರು ಮಾವ.
ಭೋಸರಿಯ ಆಕಾಶವೆಲ್ಲ
ಅತ್ತೆಯ ರೊಟ್ಟಿಯ ಮೇಲೆ ಕೂತಿತ್ತು.
"ಮೊದಲೇ ಹೇಳಾಕ ಏನಾಗಿತ್ತು?"
ಆ ವಾರವೆಲ್ಲ ಮೂರೂ ಜನ ಪುಡಿ ರೊಟ್ಟಿಗೆ ಮೊಸರು ಕಲಸಿ ತಿಂದೆವು.

ಗುರೆಳ್ಳಿನ ಚಟ್ನಿ ತಡೆದುಕೊಂಡಿತು.
ಅಗಸಿ, ಶೇಂಗಾ ಕೂಡ.
ಎಣ್ಣೆಯ ಕಾಳಿಗೆ ಗಾಳಿ ತಾಗದಿದ್ದರೆ ಕಮಟು ಬೇಗ ಹತ್ತುವುದಿಲ್ಲ.
ಇಟ್ಟಿಗೆಯಂತೆ ಗಟ್ಟಿಯಾದ ಪಾಕೀಟುಗಳನ್ನು
ಮೋಶಿಯ ಟ್ರಕ್ ನಿಲ್ದಾಣದಲ್ಲಿ
ವಿಜಯಪುರದ ಡ್ರೈವರುಗಳು ಒಯ್ದರು,
ಸೂರತ್ತಿಗೆ, ಇಂದೋರಿಗೆ, ಇನ್ನೂ ಆಚೆಗೆ.
ಮೊದಮೊದಲು ವಾರ್ನಿಶ್ ವಾಸನೆ ಅಂದರು ಕೆಲವರು.
ಮಾವ ಪಂಪನ್ನು ಬಾಗಿಲ ಹೊರಗಿಟ್ಟು ಉದ್ದ ಪೈಪು ಎಳೆದರು.

ನಿನ್ನೆ ಇಮಾಮಸಾಬ ಒಂದನ್ನು ಹಿಂದೆ ತಂದ.
"ಇದು ಸಡಿಲಾಗ್ಯದ ಅಕ್ಕಾ. ಉಸಿರಾಡ್ಲಿಕತ್ತದ."
ಅತ್ತೆ ದುಡ್ಡು ಕೊಟ್ಟಳು, ಚಾ ಕೊಟ್ಟಳು,
ಅವನು ಹೋದ ಮೇಲೆ ಬಕೆಟ್ಟಿಗೆ ನೀರು ತುಂಬಿದಳು.
ಹಿಂಡಿದ ಪಾಕೀಟು ನೀರೊಳಗೆ.
ಅಂಚಿನ ಹೊಲಿಗೆ ನೆಟ್ಟಗಿದೆ.
ಮೂಲೆ ನೆಟ್ಟಗಿದೆ.
ಟ್ಯಾಂಕಿನ ಬೋಲ್ಟುಗಳಿಗೆ ಸೋಪಿನ ನೊರೆ ಸವರಿ
ಸೋರಿಕೆ ಹುಡುಕುವ ಮಾವ
ಚಶ್ಮಾ ಒರೆಸಿ ಬಗ್ಗಿದರು. ನಾನೂ ಬಗ್ಗಿದೆ.
ಮೂವರ ತಲೆ ಒಂದು ಬಕೆಟ್ಟಿನ ಮೇಲೆ,
ನೀರು ಅಲುಗಬಾರದೆಂದು ಯಾರೂ ಉಸಿರು ಬಿಡಲಿಲ್ಲ.

ಒಂದು ಗುಳ್ಳೆ,
ಸಾಸಿವೆ ಕಾಳಿನಷ್ಟು.

"ಅಲ್ಲದ ನೋಡ್ರಿ," ಅಂದಳು ಅತ್ತೆ,
ಎಲ್ಲೋ ಕಳೆದ ಮೂಗುತಿ ಸಿಕ್ಕವಳ ಹಾಗೆ.